ಹೊಸ ಮನೆಯ ಗೋಡೆ: ಇಟ್ಟಿಗೆ ಕಟ್ಟಡವೋ, ಚೌಕಟ್ಟಿನ ಗೋಡೆಯೋ?

ಮನೆ ಕಟ್ಟಲು ಹೊರಟವರು ಮೊದಲು ಕೇಳುವುದು "ಯಾವುದು ಗಟ್ಟಿ?" ಅಂತ. ಈ ಪ್ರಶ್ನೆಯಿಂದ ಹೆಚ್ಚು ಉಪಯೋಗವಿಲ್ಲ. ಸರಿಯಾಗಿ ಕಟ್ಟಿದ ಇಟ್ಟಿಗೆ ಗೋಡೆ ನೂರು ವರ್ಷ ಬಾಳುತ್ತದೆ. ಸರಿಯಾಗಿ ಕಟ್ಟಿದ ಮರದ ಚೌಕಟ್ಟಿನ ಗೋಡೆಯೂ ಅಷ್ಟೇ ಬಾಳುತ್ತದೆ. ಎರಡಕ್ಕೂ ಉದಾಹರಣೆ ಬೇಕಾದಷ್ಟಿವೆ. ಕೆಲಸ ಕೆಟ್ಟಾಗ ಏನಾಗುತ್ತದೆ ಅನ್ನುವುದರಲ್ಲಿ ಇವೆರಡರ ದಾರಿ ಬೇರೆಯಾಗುತ್ತದೆ. ಇಟ್ಟಿಗೆ ಗೋಡೆ ತನ್ನ ತಪ್ಪನ್ನು ಮುಖದ ಮೇಲೇ ತೋರಿಸುತ್ತದೆ: ಬಿರುಕು, ತೇವದ ಕಲೆ, ಉದುರುವ ಪ್ಲಾಸ್ಟರ್. ಚೌಕಟ್ಟಿನ ಗೋಡೆ ತಪ್ಪನ್ನು ಬೋರ್ಡಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ. ಗೊತ್ತಾಗುವ ಹೊತ್ತಿಗೆ ತುಂಬಾ ತಡವಾಗಿರಬಹುದು. ಕೆಳಗಿನ ಹಂತಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿರಲಿ.

ಹಂತ 1: ಭಾರ ಹೊರುವುದು ಯಾವುದು ಅಂತ ತಿಳಿದುಕೊಳ್ಳಿ

ಇಲ್ಲಿ ಗೊಂದಲ ಜಾಸ್ತಿ. ಮೂರು ಬಗೆಗಳನ್ನು ಬೇರೆಬೇರೆಯಾಗಿ ನೋಡೋಣ.

ಮೊದಲನೆಯದು ಭಾರ ಹೊರುವ ಇಟ್ಟಿಗೆ, ಕಲ್ಲು ಅಥವಾ ಬ್ಲಾಕ್ ಗೋಡೆ. ಮೇಲಿನ ಸ್ಲ್ಯಾಬ್, ಮಾಡು, ಮಹಡಿ ಎಲ್ಲವೂ ಗೋಡೆಯ ಮೇಲೇ ಕೂತಿರುತ್ತವೆ. ಗೋಡೆ ತೆಗೆದರೆ ಮನೆ ಇಲ್ಲ.

ಎರಡನೆಯದು ಚೌಕಟ್ಟಿನ ಗೋಡೆ. ಮರದ ಅಥವಾ ತೆಳು ಉಕ್ಕಿನ ಸ್ಟಡ್‌ಗಳನ್ನು, ಅಂದರೆ ನೆಟ್ಟಗಿನ ಸಣ್ಣ ಕಂಬಗಳನ್ನು, ಸಾಮಾನ್ಯವಾಗಿ 400 ಅಥವಾ 600 ಮಿಲಿಮೀಟರಿಗೆ ಒಂದರಂತೆ ನಿಲ್ಲಿಸುತ್ತಾರೆ. ಹೊರಗಡೆ ಪ್ಲೈವುಡ್‌ನಂಥ ಹಲಗೆ, ಒಳಗಡೆ ಜಿಪ್ಸಂ ಬೋರ್ಡ್, ನಡುವೆ ಶಾಖ ತಡೆಯುವ ಉಣ್ಣೆಯಂಥ ವಸ್ತು. ಭಾರ ಇಳಿಯುವುದು ಸ್ಟಡ್‌ಗಳ ಮೂಲಕ. ಗೋಡೆ ಅಡ್ಡಡ್ಡ ವಾಲದಂತೆ ಹಿಡಿಯುವುದು ಹೊರಗಿನ ಹಲಗೆ ಮತ್ತು ಅದರ ಮೊಳೆಗಳು.

ಮೂರನೆಯದು ಕಾಂಕ್ರೀಟ್ ಪಿಲ್ಲರ್, ಬೀಮ್‌ಗಳ ಮನೆ. ನಡುವೆ ಇಟ್ಟಿಗೆ ತುಂಬಿರುವುದರಿಂದ ನೋಡಲು ಮೊದಲನೆಯದರ ಹಾಗೇ ಇರುತ್ತದೆ. ಆದರೆ ಇಲ್ಲಿನ ಇಟ್ಟಿಗೆ ಸುಮ್ನೆ ತೆರೆ ಇದ್ದಂತೆ, ಭಾರವನ್ನೆಲ್ಲ ಪಿಲ್ಲರ್ ಹೊರುತ್ತದೆ. ಒಂದು ಅಥವಾ ಎರಡು ಮಹಡಿಯ ಸಣ್ಣ ಮನೆಗೆ ಎಷ್ಟೋ ಸಲ ಇದು ಬೇಕೇ ಇರುವುದಿಲ್ಲ. ಪಿಲ್ಲರ್ ಇದ್ದರೇ ಗಟ್ಟಿ ಅನ್ನುವ ನಂಬಿಕೆ ಮಾತ್ರ ಎಲ್ಲ ಕಡೆ ಇದೆ.

ಎತ್ತರ ಹೋದಂತೆ ಲೆಕ್ಕ ಬದಲಾಗುತ್ತದೆ, ನಿಜ. ಶಿಕಾಗೊದಲ್ಲಿ 1891ರಲ್ಲಿ ಮುಗಿದ ಮೊನಾಡ್‌ನಾಕ್ ಕಟ್ಟಡದ ಉತ್ತರ ಭಾಗ 16 ಮಹಡಿ ಎತ್ತರವಿದೆ, ಭಾರ ಹೊರುವುದು ಇಟ್ಟಿಗೆ ಗೋಡೆ. ಬುಡದಲ್ಲಿ ಆ ಗೋಡೆಯ ದಪ್ಪ ಸುಮಾರು 6 ಅಡಿ. ಅಷ್ಟು ಎತ್ತರಕ್ಕೆ ಇಟ್ಟಿಗೆಯನ್ನು ನಂಬುವ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು, ಉಕ್ಕಿನ ಚೌಕಟ್ಟು ಬಂತು. ನಿಮ್ಮದು ಎರಡು ಮಹಡಿಯ ಮನೆಯಾದರೆ ಈ ಚಿಂತೆ ಬೇಡ.

ಈ ಲೇಖನದಲ್ಲಿ ಹೋಲಿಸುತ್ತಿರುವುದು ಮುಖ್ಯವಾಗಿ ಮೊದಲ ಎರಡನ್ನು.

ಹಂತ 2: ನೆಲವನ್ನು ಕೇಳಿ

230 ಮಿಲಿಮೀಟರ್ ದಪ್ಪದ ಇಟ್ಟಿಗೆ ಗೋಡೆ, ಎರಡೂ ಕಡೆ ಪ್ಲಾಸ್ಟರ್ ಅಂದುಕೊಳ್ಳಿ. ಒಂದು ಚದರ ಮೀಟರ್‌ಗೆ 450 ಕಿಲೋ ಹತ್ತಿರ ತೂಗುತ್ತದೆ. ಎತ್ತರ 3 ಮೀಟರ್ ಇದ್ದರೆ, ಪ್ರತಿ ಮೀಟರ್ ಉದ್ದದ ಗೋಡೆ ತಾನೊಂದೇ ಪಾಯದ ಮೇಲೆ ಹಾಕುವ ಭಾರ ಒಂದೂಕಾಲು ಟನ್ನಿಗೂ ಜಾಸ್ತಿ. ಸ್ಟಡ್ ಗೋಡೆ ಚದರ ಮೀಟರ್‌ಗೆ 50 ಕಿಲೋ ಆಸುಪಾಸು. ಹೊರಗಡೆ ಭಾರದ ಹೊದಿಕೆ ಹಾಕಿದರೆ ಸ್ವಲ್ಪ ಏರುತ್ತದೆ, ಆದರೂ ಇಟ್ಟಿಗೆಯ ಹತ್ತಿರಕ್ಕೂ ಬರುವುದಿಲ್ಲ.

ಬಂಡೆ ಅಥವಾ ಗಟ್ಟಿ ಜಲ್ಲಿಮಣ್ಣಿನ ನೆಲವಾದರೆ ಈ ವ್ಯತ್ಯಾಸ ದೊಡ್ಡ ವಿಷಯವೇ ಅಲ್ಲ. ಮಳೆ ಬಂದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವ ಜೇಡಿ ಮಣ್ಣಾದರೆ ಅದೇ ದೊಡ್ಡ ವಿಷಯ. ಇಟ್ಟಿಗೆ ಗೋಡೆಗೆ ಬಾಗಲು ಬರುವುದಿಲ್ಲ. ಪಾಯ ಒಂದು ಕಡೆ ಸ್ವಲ್ಪ ಕುಸಿದರೂ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏಳುತ್ತದೆ. ಚೌಕಟ್ಟಿನ ಗೋಡೆ ಅಷ್ಟು ಚಲನೆಯನ್ನು ತಡೆದುಕೊಳ್ಳುತ್ತದೆ, ಬಾಗಿಲು ಸ್ವಲ್ಪ ಬಿಗಿಯಾಗಬಹುದು ಅಷ್ಟೆ. ಹಾಗಂತ ಕೆಟ್ಟ ಪಾಯಕ್ಕೆ ಹಗುರ ಗೋಡೆಯೇ ಮದ್ದು ಅಂದುಕೊಳ್ಳಬೇಡಿ. ಗೋಡೆ ಯಾವುದೇ ಆಗಲಿ, ಆಯ್ಕೆಗೆ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಬಹಳ ಜನ ಗೋಡೆ ತೀರ್ಮಾನ ಮಾಡಿ ಆಮೇಲೆ ಮಣ್ಣು ನೋಡುತ್ತಾರೆ. ಅದು ತಲೆಕೆಳಗು.

ಸೈಟಿಗೆ ಲಾರಿ ಹೋಗುತ್ತದಾ ಅನ್ನುವುದನ್ನೂ ಇಲ್ಲೇ ನೋಡಿಬಿಡಿ. ಕಡಿದಾದ ಇಳಿಜಾರಿಗೆ ಸಾವಿರಾರು ಇಟ್ಟಿಗೆ, ಮರಳು, ಸಿಮೆಂಟ್, ನೀರು ಸಾಗಿಸುವುದು ಒಂದು ಕೆಲಸ. ಸ್ಟಡ್ ಮತ್ತು ಬೋರ್ಡುಗಳನ್ನು ಹೊತ್ತೊಯ್ಯುವುದು ಬೇರೆಯೇ ಕೆಲಸ.

ಹಂತ 3: ಭೂಮಿ ನಡುಗುವ ಜಾಗವೋ, ಗಾಳಿ ಬೀಸುವ ಜಾಗವೋ

ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಇರುತ್ತದೆ. ತೂಕ ಜಾಸ್ತಿಯಾದರೆ ಹೊಡೆತವೂ ಜಾಸ್ತಿ. ಬರೀ ಇಟ್ಟಿಗೆ, ಗಾರೆಯ ಗೋಡೆ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ನ್ಯೂಜಿಲೆಂಡಿನಲ್ಲಿ 2011ರ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ ಕಂಬಿಯಿಲ್ಲದ ಹಳೆಯ ಇಟ್ಟಿಗೆ ಕಟ್ಟಡಗಳ ಮುಂಗೋಡೆಗಳು ಬೀದಿಗೇ ಉರುಳಿದವು. ಹಗುರ ಮರದ ಚೌಕಟ್ಟಿನ ಮನೆಗಳು ಹೆಚ್ಚಿನವು ನಿಂತವು, ಹೊರಗಿನ ಇಟ್ಟಿಗೆ ಹೊದಿಕೆ ಮತ್ತು ಚಿಮಣಿಗಳು ಬಿದ್ದರೂ ಸಹ.

ಇದನ್ನು ಕೇಳಿ ಚೌಕಟ್ಟೇ ಸೈ ಅಂತ ಹೊರಡುವ ಮೊದಲು ಜಪಾನಿನ 1995ರ ಕೋಬೆ ಭೂಕಂಪವನ್ನೂ ನೋಡಿ. ಅಲ್ಲಿ ಕುಸಿದದ್ದರಲ್ಲಿ ಹಳೆಯ ಮರದ ಮನೆಗಳು ಬಹಳ. ತಲೆಯ ಮೇಲೆ ಭಾರದ ಹೆಂಚಿನ ಮಾಡು, ಕೆಳಗೆ ಅಡ್ಡಬಲವಿಲ್ಲದ ತೆಳು ಗೋಡೆ. ಚೌಕಟ್ಟು ಇತ್ತು, ಅದನ್ನು ವಾಲದಂತೆ ಹಿಡಿಯುವುದು ಸಾಕಷ್ಟು ಇರಲಿಲ್ಲ.

ಭೂಕಂಪದ ವಲಯದಲ್ಲಿ ಇಟ್ಟಿಗೆಯನ್ನೇ ಆರಿಸಿದರೆ ಈ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಪ್ಲಿಂತ್ (ಪಾಯ ಮುಗಿದು ಗೋಡೆ ಶುರುವಾಗುವ ಕಡೆ), ಲಿಂಟೆಲ್ (ಬಾಗಿಲು ಕಿಟಕಿಗಳ ಮೇಲಂಚು) ಮತ್ತು ಮಾಡಿನ ಮಟ್ಟದಲ್ಲಿ ಇಡೀ ಮನೆಯನ್ನು ಸುತ್ತುವ ಕಾಂಕ್ರೀಟ್ ಪಟ್ಟಿ ಇರಬೇಕು, ನಡುವೆ ಎಲ್ಲೂ ತುಂಡಾಗಬಾರದು. ಮೂಲೆಗಳಲ್ಲಿ, ಬಾಗಿಲು ಕಿಟಕಿಗಳ ಪಕ್ಕದಲ್ಲಿ ನೆಟ್ಟಗೆ ಕಂಬಿ ಇರಬೇಕು. ಕಿಟಕಿ ಮೂಲೆಗೆ ಅಂಟಿಕೊಂಡಿರಬಾರದು, ಕನಿಷ್ಠ ಅರ್ಧ ಮೀಟರಿಗಿಂತ ಹೆಚ್ಚು ದೂರವಿರಲಿ. ಒಂದು ಗೋಡೆಯ ಉದ್ದದಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಬಾಗಿಲು ಕಿಟಕಿಗೇ ಹೋದರೆ ಅದನ್ನು ಭಾರ ಹೊರುವ ಗೋಡೆ ಅಂತ ಕರೆಯುವುದೇ ಕಷ್ಟ.

ಇನ್ನೊಂದು ಪದ್ಧತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮೊದಲು ಇಟ್ಟಿಗೆ ಗೋಡೆಯನ್ನು ಹಲ್ಲುಹಲ್ಲಾಗಿ ಬಿಟ್ಟು ಕಟ್ಟಿ, ಆಮೇಲೆ ಮೂಲೆಗಳಲ್ಲಿ ಸಣ್ಣ ಕಾಂಕ್ರೀಟ್ ಕಂಬ ಸುರಿಯುವುದು. ಕಂಬ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ, ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಎಂಜಿನಿಯರುಗಳು ಇದನ್ನು ಕನ್ಫೈನ್ಡ್ ಮೇಸನ್ರಿ ಅನ್ನುತ್ತಾರೆ. ಸಣ್ಣ ಮನೆಗೆ ಅರೆಬರೆ ಪಿಲ್ಲರ್ ಹಾಕಿಸುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಗಾಳಿಯ ವಿಷಯಕ್ಕೆ ಬಂದರೆ ತಕ್ಕಡಿ ಆಚೆ ವಾಲುತ್ತದೆ. ಬಿರುಗಾಳಿ ಮನೆಯನ್ನು ಬರೀ ತಳ್ಳುವುದಿಲ್ಲ, ಮಾಡನ್ನು ಮೇಲಕ್ಕೆ ಎಳೆಯುತ್ತದೆ. ಭಾರದ ಗೋಡೆಗೆ ಅಲ್ಲಿ ತೂಕವೇ ಆಸರೆ. ಹಗುರ ಮನೆಗೆ ಜೋಡಣೆಯೇ ಆಸರೆ: ಮಾಡಿನಿಂದ ಗೋಡೆಗೆ, ಗೋಡೆಯಿಂದ ಪಾಯಕ್ಕೆ ಉಕ್ಕಿನ ಪಟ್ಟಿ ಮತ್ತು ಬೋಲ್ಟುಗಳ ಸರಪಳಿ. ಒಂದು ಕೊಂಡಿ ಬಿಟ್ಟರೂ ಉಳಿದದ್ದು ವ್ಯರ್ಥ. ಬೋರ್ಡ್ ಹೊಡೆದ ಮೇಲೆ ಆ ಕೊಂಡಿ ಕಾಣುವುದಿಲ್ಲ ಅನ್ನುವುದೇ ಇಲ್ಲಿನ ತೊಂದರೆ.

ಹಂತ 4: ಬಿಸಿಲು, ಚಳಿ

ಎರಡು ಗುಣಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಶಾಖವನ್ನು ತಡೆಯುವುದು. ಇನ್ನೊಂದು, ಶಾಖವನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಡುವುದು.

ತಡೆಯುವುದರಲ್ಲಿ ಇಟ್ಟಿಗೆ ಹಿಂದೆ. 90 ಮಿಲಿಮೀಟರ್ ಉಣ್ಣೆ ತುಂಬಿದ ಮರದ ಸ್ಟಡ್ ಗೋಡೆಯ ಮೂಲಕ ಹಾದುಹೋಗುವ ಶಾಖ, ಬರೀ 230 ಮಿಲಿಮೀಟರ್ ಇಟ್ಟಿಗೆ ಗೋಡೆಯ ಮೂಲಕ ಹೋಗುವುದರ ಸುಮಾರು ನಾಲ್ಕನೇ ಒಂದು ಪಾಲು. ಹಿಡಿದಿಡುವುದರಲ್ಲಿ ಇಟ್ಟಿಗೆ ಮುಂದೆ. ಹೊರಗಿನ ಮಧ್ಯಾಹ್ನದ ಬಿಸಿ ಒಳಗೆ ಬರಲು ಆರರಿಂದ ಎಂಟು ಗಂಟೆ ಹಿಡಿಯುತ್ತದೆ.

ಹಗಲು ಸುಡುವ, ರಾತ್ರಿ ತಣ್ಣಗಾಗುವ ಒಣ ಹವೆಯಲ್ಲಿ ದಪ್ಪ ಗೋಡೆ ಅದ್ಭುತವಾಗಿ ಕೆಲಸ ಮಾಡುತ್ತದೆ. ರಾತ್ರಿ ಕಿಟಕಿ ತೆರೆದಿಟ್ಟರೆ ಗೋಡೆ ತಂಪಾಗಿ ಮಾರನೇ ದಿನಕ್ಕೆ ಸಿದ್ಧ. ಹಗಲು ರಾತ್ರಿ ಒಂದೇ ಸೆಖೆ ಇರುವ ಜಾಗದಲ್ಲಿ ಅದೇ ಗೋಡೆ ನಿದ್ದೆಗೆಡಿಸುತ್ತದೆ, ಮಲಗುವ ಹೊತ್ತಿಗೆ ಸರಿಯಾಗಿ ಬಿಸಿ ಒಳಗೆ ಬಿಡುತ್ತದೆ. ವರ್ಷದ ಬಹುಪಾಲು ಹೀಟರ್ ಅಥವಾ ಏಸಿ ಓಡುವ ಮನೆಗೆ ಶಾಖ ತಡೆಯುವ ಗೋಡೆಯೇ ಬೇಕು. ಅದು ಚೌಕಟ್ಟಿನದಾಗಬಹುದು, ಹೊರಗಡೆ ಶಾಖನಿರೋಧಕ ಹಲಗೆ ಹೊದಿಸಿದ ಇಟ್ಟಿಗೆಯದೂ ಆಗಬಹುದು. ಹೊದಿಕೆಯನ್ನು ಒಳಗಡೆ ಹಾಕಿದರೆ ಗೋಡೆಯ ತೂಕ ಹೊರಗುಳಿಯುತ್ತದೆ, ಅದರ ಲಾಭ ನಿಮಗೆ ಸಿಗುವುದಿಲ್ಲ.

ಉಕ್ಕಿನ ಸ್ಟಡ್ ಆರಿಸುವವರಿಗೆ ಒಂದು ಎಚ್ಚರಿಕೆ. ಉಕ್ಕು ಶಾಖವನ್ನು ಉಣ್ಣೆಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಸಾಗಿಸುತ್ತದೆ. ಪ್ರತಿ ಸ್ಟಡ್ಡೂ ಶಾಖಕ್ಕೆ ಒಂದು ಸೇತುವೆ. ನಡುವೆ ತುಂಬಿದ ಉಣ್ಣೆಯ ಪ್ರಯೋಜನ ಅರ್ಧದಷ್ಟು ಹೀಗೇ ಹೋಗಿಬಿಡಬಹುದು. ಅದಕ್ಕೇ ಸ್ಟಡ್‌ಗಳ ಹೊರಗಡೆ ತುಂಡಾಗದ ಇನ್ನೊಂದು ಶಾಖನಿರೋಧಕ ಪದರ ಬೇಕು.

ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವ ಏರೇಟೆಡ್ ಕಾಂಕ್ರೀಟ್ ಬ್ಲಾಕ್, ಅಂದರೆ ಎಎಸಿ ಬ್ಲಾಕ್, ಇವೆರಡರ ನಡುವೆ ನಿಲ್ಲುತ್ತದೆ. ತೂಕ ಇಟ್ಟಿಗೆಯ ಮೂರನೇ ಒಂದು ಭಾಗ, ಶಾಖ ತಡೆಯುವುದು ಅದಕ್ಕಿಂತ ಚೆನ್ನಾಗಿ. ಆದರೆ ನೀರು ಹೀರುತ್ತದೆ, ಭಾರ ನೇತುಹಾಕಲು ಬೇರೆ ಬಗೆಯ ಆಂಕರ್ ಬೇಕು.

ಹಂತ 5: ನೀರು ಒಳಗೆ ಬಂದರೆ ಹೇಗೆ ಹೊರಗೆ ಹೋಗುತ್ತದೆ?

ಇದೊಂದು ಹಂತವನ್ನು ಎರಡು ಸಲ ಓದಿದರೂ ನಷ್ಟವಿಲ್ಲ. ಗೋಡೆ ಹಾಳಾಗಲು ಮುಖ್ಯ ಕಾರಣ ನೀರು. "ನೀರು ಬರುವುದೇ ಇಲ್ಲ" ಅನ್ನುವ ಗುತ್ತಿಗೆದಾರರ ಮಾತನ್ನು ನಂಬಬೇಡಿ. ಬರುತ್ತದೆ. ಕಿಟಕಿ ಅಂಚಿನಿಂದ, ಪೈಪಿನ ತೂತಿನಿಂದ, ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಇಟ್ಟಿಗೆ ಗೋಡೆ ಒದ್ದೆ ಬಟ್ಟೆಯ ಹಾಗೆ: ಹೀರುತ್ತದೆ, ಬಿಸಿಲು ಬಂದಾಗ ಒಣಗುತ್ತದೆ. ಒದ್ದೆಯಾದರೂ ಅದಕ್ಕೆ ಕೊಳೆಯುವ ಭಯವಿಲ್ಲ. ಅದಕ್ಕೆ ತೊಂದರೆ ಬರುವುದು ಮುಖ್ಯವಾಗಿ ಮೂರು ಕಡೆಯಿಂದ. ಒಂದು, ನೆಲದಿಂದ ಮೇಲೇರುವ ತೇವ. ಪ್ಲಿಂತ್ ಮಟ್ಟದಲ್ಲಿ ತೇವತಡೆ ಪದರ ಬಿಟ್ಟುಹೋದರೆ ಆಮೇಲೆ ಎಷ್ಟು ಬಣ್ಣ ಬಳಿದರೂ ಗೋಡೆಯ ಬುಡ ಉಪ್ಪು ಉಗುಳುತ್ತಲೇ ಇರುತ್ತದೆ. ಎರಡು, ಮಳೆ ನೇರ ಹೊಡೆಯುವ ಬದಿ. ಅಲ್ಲಿ ಅಗಲವಾದ ಸಜ್ಜಾ, ಚಾಚಿದ ಮಾಡು ಇದ್ದರೆ ಯಾವ ರಾಸಾಯನಿಕಕ್ಕಿಂತಲೂ ಒಳ್ಳೆಯದು. ಮೂರು, ಉಸಿರಾಡದ ಬಣ್ಣ. ಪ್ಲಾಸ್ಟಿಕ್‌ನಂಥ ಬಣ್ಣ ಹೊದಿಸಿದ ಗೋಡೆಗೆ ಒಣಗಲು ದಾರಿಯೇ ಇರುವುದಿಲ್ಲ.

ಚೌಕಟ್ಟಿನ ಗೋಡೆಯ ಕಥೆ ಬೇರೆ. ಮರದಲ್ಲಿ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ, ಮರ ತಲೆಮಾರುಗಟ್ಟಲೆ ಇರುತ್ತದೆ. ಬಹಳ ಕಾಲ ಅದಕ್ಕಿಂತ ಮೇಲಿದ್ದರೆ ಕೊಳೆಯುತ್ತದೆ. ಕೆನಡಾದ ವ್ಯಾಂಕೂವರ್ ಸುತ್ತಮುತ್ತ 1980ರ ದಶಕದ ಕೊನೆಯಿಂದ 1990ರ ದಶಕದವರೆಗೆ ಕಟ್ಟಿದ ಎಷ್ಟೋ ಚೌಕಟ್ಟಿನ ವಸತಿ ಕಟ್ಟಡಗಳಲ್ಲಿ ಇದೇ ಆಯಿತು. ಹೊರಗಿನ ಗಾರೆಯೇ ಎಲ್ಲ ನೀರನ್ನೂ ತಡೆಯುತ್ತದೆ ಅಂತ ನಂಬಿ, ಒಳಗೆ ಬಂದ ನೀರಿಗೆ ದಾರಿ ಬಿಟ್ಟಿರಲಿಲ್ಲ. ಚಾಚಿದ ಮಾಡೂ ಎಷ್ಟೋ ಕಡೆ ಇರಲಿಲ್ಲ. ನೋಡಲು ಹೊಸ ಕಟ್ಟಡ, ಬಿಚ್ಚಿದರೆ ಕೊಳೆತ ಸ್ಟಡ್. ಸಾವಿರಾರು ಮನೆಗಳ ಹೊದಿಕೆಯನ್ನೇ ಕಿತ್ತು ಹೊಸದಾಗಿ ಹಾಕಬೇಕಾಯಿತು. ಅಲ್ಲಿ ಕಲಿತ ಪಾಠ ಸರಳ: ಹೊರಹೊದಿಕೆಯ ಹಿಂದೆ ಒಂದು ಸೆಂಟಿಮೀಟರ್‌ನಷ್ಟಾದರೂ ಖಾಲಿ ಜಾಗ, ಅದರ ಹಿಂದೆ ನೀರು ತಡೆಯುವ ಹಾಳೆ, ಕೆಳಗೆ ನೀರು ಇಳಿದು ಹೋಗಲು ಬಾಯಿ.

ಇದಲ್ಲದೆ ಆವಿಯ ವಿಷಯವಿದೆ. ಬೆಚ್ಚಗಿನ ಗಾಳಿಯಲ್ಲಿನ ತೇವ ತಣ್ಣನೆಯ ಮೇಲ್ಮೈ ತಾಗಿದರೆ ಹನಿಯಾಗುತ್ತದೆ. ಅದಕ್ಕೇ ಆವಿ ತಡೆಯುವ ಪದರ ಬೆಚ್ಚಗಿನ ಬದಿಯಲ್ಲಿರಬೇಕು. ಚಳಿ ದೇಶದಲ್ಲಿ ಅದು ಒಳಬದಿ. ಸೆಖೆಯ ಊರಿನಲ್ಲಿ ಏಸಿ ಓಡುವ ಮನೆಗೆ ಅದು ಹೊರಬದಿ. ಚಳಿ ಪ್ರದೇಶದ ನಕ್ಷೆಯನ್ನು ಹಾಗೇ ತಂದು ಸೆಖೆ ಪ್ರದೇಶದಲ್ಲಿ ಕಟ್ಟಿದರೆ ಗೋಡೆಯೊಳಗೇ ಮಳೆ. ಗೋಡೆ ಕಟ್ಟುವವರನ್ನು "ಆವಿತಡೆ ಯಾವ ಬದಿಗೆ ಹಾಕ್ತೀರಿ, ಯಾಕೆ?" ಅಂತ ಕೇಳಿ ನೋಡಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.

ಗೆದ್ದಲು ಇರುವ ಕಡೆ ಮರದ ಸ್ಟಡ್‌ಗೆ ಮದ್ದು ಹೊಡೆದ ಮರ ಬೇಕು. ನೆಲಮಟ್ಟದಿಂದ ಅಂತರ ಬೇಕು, ಗೋಡೆಯ ಬುಡದಲ್ಲಿ ಕಣ್ಣಿಗೆ ಕಾಣುವ ಒಂದು ಗೇಣು ಪಾಯ ಬೇಕು. ಗೆದ್ದಲು ಹತ್ತುವ ಮಣ್ಣಿನ ದಾರಿ ಅಲ್ಲೇ ಕಾಣಬೇಕು. ಉಕ್ಕನ್ನು ಗೆದ್ದಲು ತಿನ್ನುವುದಿಲ್ಲ, ಆದರೆ ಕಡಲ ಹತ್ತಿರ ಗ್ಯಾಲ್ವನೈಸಿಂಗ್, ಅಂದರೆ ತುಕ್ಕು ತಡೆಯುವ ಸತುವಿನ ಲೇಪ, ಎಷ್ಟು ದಪ್ಪ ಅಂತ ಕೇಳಲೇಬೇಕು.

ಹಂತ 6: ಸದ್ದು ಮತ್ತು ಬೆಂಕಿ

ಸದ್ದು ತಡೆಯಲು ತೂಕ ಬೇಕು. ಗೋಡೆಯ ತೂಕ ಎರಡು ಪಟ್ಟಾದರೆ 5-6 ಡೆಸಿಬೆಲ್ ಕಡಿಮೆಯಾಗುತ್ತದೆ. ಹೀಗಾಗಿ ಇಟ್ಟಿಗೆ ಗೋಡೆ ಏನೂ ಮಾಡದೆಯೇ ಇಲ್ಲಿ ಗೆಲ್ಲುತ್ತದೆ. ಚೌಕಟ್ಟಿನಲ್ಲೂ ಸಾಧ್ಯ: ಎರಡು ಸಾಲು ಬೇರೆಬೇರೆ ಸ್ಟಡ್, ನಡುವೆ ಉಣ್ಣೆ, ಎರಡೆರಡು ಬೋರ್ಡ್. ಹಣ ಕೊಟ್ಟು ಕೊಂಡುಕೊಳ್ಳಬೇಕಾದ ಮೌನ ಅದು.

ಇಟ್ಟಿಗೆ ಉರಿಯುವುದಿಲ್ಲ. ಮರ ಉರಿಯುತ್ತದೆ, ಉಕ್ಕು 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಎರಡನ್ನೂ ಕಾಯುವುದು ಜಿಪ್ಸಂ ಬೋರ್ಡ್. ಅದರ ತೂಕದಲ್ಲಿ ಐದನೇ ಒಂದು ಪಾಲು ಹರಳಿನೊಳಗೆ ಸೇರಿರುವ ನೀರು. ಅದೆಲ್ಲ ಆವಿಯಾಗುವ ತನಕ ಬೆಂಕಿ ಮುಂದೆ ಹೋಗುವುದು ನಿಧಾನ. ಬೋರ್ಡಿನಲ್ಲಿ ಸುಮ್ನೆ ಕೊರೆದ ತೂತುಗಳು ಆ ಕಾವಲನ್ನು ಮುರಿಯುತ್ತವೆ.

ಹಂತ 7: ಕಟ್ಟುವ ಕೈ ಯಾವುದು?

ನನ್ನ ಲೆಕ್ಕದಲ್ಲಿ ಇದೇ ತೀರ್ಮಾನದ ಹಂತ. ಹವೆ, ನೆಲ ಎಲ್ಲ ಚೌಕಟ್ಟಿಗೆ ಒಪ್ಪಿದರೂ, ಸುತ್ತಲಿನ ಕೆಲಸಗಾರರು ಬದುಕಿಡೀ ಇಟ್ಟಿಗೆಯನ್ನೇ ಕಟ್ಟಿದವರಾದರೆ ಇಟ್ಟಿಗೆಯನ್ನೇ ಆರಿಸಿ. ಅದಕ್ಕೆ ಬೇಕಾದ ಕಂಬಿ, ಹೊದಿಕೆ ಸೇರಿಸಿಕೊಳ್ಳಿ. ಹೊಸ ಪದ್ಧತಿಯನ್ನು ನಿಮ್ಮ ಮನೆಯ ಮೇಲೆ ಕಲಿಯುವುದು ಬೇಡ ಅಲ್ವಾ? ಇದು ತಿರುಗಿಯೂ ನಿಜ. ಎಲ್ಲರೂ ಮರದ ಚೌಕಟ್ಟು ಕಟ್ಟುವ ಕಡೆ ಒಳ್ಳೆಯ ಇಟ್ಟಿಗೆ ಮೇಸ್ತ್ರಿ ಸಿಗುವುದು ಕಷ್ಟ.

ಇಟ್ಟಿಗೆ ಕೆಲಸವನ್ನು ನೋಡಿ ಅಳೆಯಬಹುದು. ದಿನಕ್ಕೆ ಒಂದೂವರೆ ಮೀಟರಿಗಿಂತ ಎತ್ತರ ಕಟ್ಟುತ್ತಿದ್ದರೆ ತಡೆಯಿರಿ. ಕೆಳಗಿನ ಗಾರೆ ಹಸಿಯಾಗಿರುತ್ತದೆ. ಕನಿಷ್ಠ 7 ದಿನ ನೀರುಣಿಸುತ್ತಿದ್ದಾರಾ ನೋಡಿ. ಸಂದು ಪೂರ್ತಿ ತುಂಬಿದೆಯಾ, ಇಟ್ಟಿಗೆಯನ್ನು ನೆನೆಸಿದ್ದಾರಾ ನೋಡಿ. ಇದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ. ಚೌಕಟ್ಟಿನ ಕೆಲಸದಲ್ಲಿ ಮೊಳೆಯ ಅಂತರ, ಹಾಳೆಯ ಮಡಿಕೆ, ಕಿಟಕಿಯ ಅಂಚಿನ ಟೇಪ್ ಇವೇ ಪ್ರಾಣ. ಇವನ್ನು ನೋಡಲು ತಿಳಿದವರೇ ಬೇಕು, ಅದೂ ಬೋರ್ಡ್ ಮುಚ್ಚುವ ಮೊದಲೇ.

ಹಂತ 8: ಖರ್ಚನ್ನು ಮುಗಿದ ಗೋಡೆಗೆ ಹೋಲಿಸಿ

ಬರೀ ಇಟ್ಟಿಗೆಯ ದರವನ್ನು ಸ್ಟಡ್‌ನ ದರದ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಪಾಯ, ಪ್ಲಾಸ್ಟರ್ ಅಥವಾ ಬೋರ್ಡ್, ಶಾಖನಿರೋಧಕ, ವೈರಿಂಗ್, ಬಣ್ಣ ಎಲ್ಲ ಸೇರಿಸಿ ಒಂದು ಚದರ ಮೀಟರ್ ಮುಗಿದ ಗೋಡೆಗೆ ಎಷ್ಟು ಅಂತ ಇಬ್ಬರಿಂದಲೂ ಬರೆಸಿಕೊಳ್ಳಿ. ಎರಡೂ ಗೋಡೆ ಒಂದೇ ಮಟ್ಟದ ಶಾಖ ತಡೆಯಬೇಕು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

ಸಮಯವೂ ಖರ್ಚೇ. ಚೌಕಟ್ಟಿನ ಗೋಡೆಗಳು ದಿನಗಳಲ್ಲಿ ಏಳುತ್ತವೆ, ಇಟ್ಟಿಗೆಗೆ ವಾರಗಳು ಬೇಕು. ಬಾಡಿಗೆ, ಸಾಲದ ಬಡ್ಡಿ ಕಟ್ಟುತ್ತಿದ್ದರೆ ಅದನ್ನೂ ಸೇರಿಸಿ. ಜಾಗದ ಲೆಕ್ಕವೂ ಇದೆ. 10 ಮೀಟರ್ ಚೌಕದ ಮನೆಯಲ್ಲಿ ಹೊರಗೋಡೆ 90 ಮಿಲಿಮೀಟರ್ ತೆಳುವಾದರೆ ಒಳಗೆ ಸುಮಾರು ಮೂರೂವರೆ ಚದರ ಮೀಟರ್ ಹೆಚ್ಚು ಸಿಗುತ್ತದೆ. ಒಂದು ಸಣ್ಣ ಬಚ್ಚಲು ಮನೆಯಷ್ಟು.

ಮುಂದೆ ಮನೆ ಬದಲಾಯಿಸುವ ಯೋಚನೆ ಇದ್ದರೆ ಚೌಕಟ್ಟು ಸುಲಭ. ಹೊಸ ಪೈಪ್, ಹೊಸ ಸ್ವಿಚ್ ಎಲ್ಲ ಬೋರ್ಡ್ ಬಿಚ್ಚಿದರೆ ಆಯಿತು. ಇಟ್ಟಿಗೆಯಲ್ಲಿ ಪೈಪ್, ವೈರ್ ಕೂರಲು ತೋಡು ಕೊರೆಯಬೇಕು, ಅದಕ್ಕೂ ಮಿತಿ ಇದೆ: ನೆಟ್ಟಗಿನ ತೋಡು ಗೋಡೆ ದಪ್ಪದ ಮೂರನೇ ಒಂದಕ್ಕಿಂತ ಆಳ ಬೇಡ, ಅಡ್ಡ ತೋಡು ಆರನೇ ಒಂದಕ್ಕಿಂತ ಆಳ ಬೇಡ. ಭಾರ ಹೊರುವ ಗೋಡೆಯಲ್ಲಿ ಅಡ್ಡಡ್ಡ ಉದ್ದಕ್ಕೂ ಕೊರೆಯುವ ಎಲೆಕ್ಟ್ರಿಷಿಯನ್ನರನ್ನು ಕಂಡರೆ ಕೆಲಸ ನಿಲ್ಲಿಸಿ.

ಹಂತ 9: ಎರಡನ್ನೂ ಬೆರೆಸಬಹುದು

ಒಂದನ್ನೇ ಆರಿಸಬೇಕು ಅಂತ ನಿಯಮವಿಲ್ಲ. ಹೊರಗೋಡೆ ಇಟ್ಟಿಗೆ, ಒಳಗಿನ ಭಾರವಿಲ್ಲದ ಗೋಡೆಗಳು ಸ್ಟಡ್ ಮತ್ತು ಬೋರ್ಡ್ ಆಗಬಹುದು. ಕೆಳಗಿನ ಮಹಡಿ ಇಟ್ಟಿಗೆ, ಮೇಲಿನದು ಹಗುರ ಚೌಕಟ್ಟು ಆಗಬಹುದು. ಎರಡನೆಯದು ಹಳೆಯ ಮನೆಗೆ ಮಹಡಿ ಸೇರಿಸುವವರಿಗೆ ಚೆನ್ನಾಗಿ ಹೊಂದುತ್ತದೆ, ಪಾಯಕ್ಕೆ ಹೊಸ ಭಾರ ಕಡಿಮೆ. ಬಚ್ಚಲಿನ ಗೋಡೆಗಳನ್ನು ಮಾತ್ರ ನಾನಾದರೆ ಇಟ್ಟಿಗೆಯಲ್ಲೇ ಇಡುತ್ತೇನೆ. ಎರಡು ಬಗೆ ಸೇರುವ ಕಡೆ ಸಂದು ಬಿಡಿಸಿ, ಅಲ್ಲಿ ಬಿರುಕು ಬಂದೇ ಬರುತ್ತದೆ. ಅದನ್ನು ಪ್ಲಾಸ್ಟರ್ ಹಾಕಿ ಮುಚ್ಚುವುದಕ್ಕಿಂತ ನೇರ ಗೆರೆಯಾಗಿ ಬಿಟ್ಟು ಸೀಲಂಟ್ ತುಂಬುವುದು ಒಳ್ಳೆಯದು.

ಸಹಿ ಹಾಕುವ ಮೊದಲು

ನಕ್ಷೆಯಲ್ಲಿ ಗೋಡೆಯ ಅಡ್ಡಕೊಯ್ತದ ಚಿತ್ರ ಇರಲೇಬೇಕು, ಪಾಯದಿಂದ ಮಾಡಿನವರೆಗೆ, ಪ್ರತಿ ಪದರದ ಹೆಸರು ಮತ್ತು ದಪ್ಪದ ಜೊತೆ. ಕಿಟಕಿಯ ಕೆಳಗೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಆ ಚಿತ್ರದಲ್ಲಿ ಬೆರಳಿಟ್ಟು ತೋರಿಸಲು ಹೇಳಿ. ಭಾರ ಹೊರುವ ಗೋಡೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿದ ಒಂದು ನಕ್ಷೆ ನಿಮ್ಮ ಹತ್ತಿರವೇ ಇರಲಿ. ಮುಂದೆ ಮನೆ ಕೊಳ್ಳುವವರಿಗೂ ಅದು ಬೇಕಾಗುತ್ತದೆ.

ಚೌಕಟ್ಟಿನ ಗೋಡೆಯಾದರೆ ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿ: ಒಳಬೋರ್ಡ್ ಮುಚ್ಚುವ ಮೊದಲು ಮಾಲೀಕರು ಮತ್ತು ಅವರ ಎಂಜಿನಿಯರ್ ನೋಡಿ ಒಪ್ಪಬೇಕು, ಅಲ್ಲಿಯವರೆಗೆ ಮುಂದಿನ ಕಂತು ಇಲ್ಲ. ಆ ದಿನ ಪ್ರತಿ ಗೋಡೆಯನ್ನೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ಪೈಪ್, ವೈರ್, ಸ್ಟಡ್ ಎಲ್ಲಿದೆ ಅಂತ ಆಮೇಲೆ ಕಪಾಟು ನೇತುಹಾಕುವಾಗ ಗೊತ್ತಾಗುತ್ತದೆ. ಇಟ್ಟಿಗೆ ಗೋಡೆಯಾದರೆ ಪ್ಲಾಸ್ಟರಿಂಗ್ ಶುರುವಾಗುವ ಹಿಂದಿನ ದಿನ ಇದೇ ಕೆಲಸ ಮಾಡಿ.